ಅಜ್ಜಿ ಒಡವೆಗೆ ಬಿಲ್ ಎಲ್ಲಿ?

ಕಾನೂನಿನ ಕಥೆ, ಭಾಗ 4. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

1/6
2016ರ ಡಿಸೆಂಬರ್. ನೋಟ್ ಬ್ಯಾನ್ ಆಗಿ ಒಂದು ತಿಂಗಳೂ ಆಗಿರಲಿಲ್ಲ. ನಾನಾಗ ಆರನೇ ಕ್ಲಾಸು. "ಇನ್ಮೇಲೆ ಮನೇಲಿರೋ ಚಿನ್ನಾನೂ ಹಿಡೀತಾರಂತೆ" ಅಂತ ವಾಟ್ಸಾಪಲ್ಲಿ ಸುದ್ದಿ. ಅಜ್ಜಿ ಬೀರುವಿನಿಂದ ಕಾಸಿನ ಸರ ತೆಗೆದು ಅಪ್ಪನ್ನ ಕೇಳಿದ್ರು: "ಇದು ನಮ್ಮಮ್ಮ ಹಾಕಿದ್ದು ಕಣೋ. ಬಿಲ್ ಎಲ್ಲಿಂದ ತರ್ಲಿ?" ಅಪ್ಪ ಏನೂ ಹೇಳಲಿಲ್ಲ. ಈಗ ಬಿಕಾಂನಲ್ಲಿ ಇನ್‌ಕಮ್ ಟ್ಯಾಕ್ಸ್ ಓದುವಾಗ ಆ ಪ್ರಶ್ನೆ ಮತ್ತೆ ನೆನಪಾಯ್ತು.

2/6
1961ರ ಆದಾಯ ತೆರಿಗೆ ಕಾಯ್ದೆಗೆ 1964ರಲ್ಲಿ 69ಎ ಅನ್ನೋ ಸೆಕ್ಷನ್ ಸೇರಿತು. ನಿಮ್ಮ ಹತ್ರ ಹಣ, ಚಿನ್ನ, ಒಡವೆ ಸಿಕ್ಕಿ, ಅದು ಲೆಕ್ಕದ ಪುಸ್ತಕದಲ್ಲಿ ಇಲ್ಲದಿದ್ದರೆ, ಎಲ್ಲಿಂದ ಬಂತು ಅಂತ ನೀವೇ ಹೇಳಬೇಕು. ಹೇಳದಿದ್ದರೆ, ಅಥವಾ ಹೇಳಿದ್ದು ಅಧಿಕಾರಿಗೆ ಸರಿ ಕಾಣದಿದ್ದರೆ, ಅದನ್ನು ಆ ವರ್ಷದ ನಿಮ್ಮ ಆದಾಯ ಅಂತ ಪರಿಗಣಿಸಬಹುದು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ದಾಳಿ ಮಾಡಿದಾಗ ಕಾಗದಪತ್ರದ ಜೊತೆ ಒಡವೆಯನ್ನೂ ವಶಕ್ಕೆ ತಗೊಳ್ಳೋ ಅಧಿಕಾರ ಇಲಾಖೆಗೆ ಸಿಕ್ಕಿತು.

3/6
ಇನ್ನು ದಂಡದ ಕಥೆ. 1984ರಲ್ಲಿ ಒಂದು ವಿವರಣೆ ಸೇರಿಸಿದರು: ದಾಳಿಯಲ್ಲಿ ಸಿಕ್ಕ ಚಿನ್ನವನ್ನು ಆಮೇಲೆ ರಿಟರ್ನ್‌ನಲ್ಲಿ ತೋರಿಸಿದರೂ ಬಚ್ಚಿಟ್ಟಿದ್ದೇ ಅಂತ ಲೆಕ್ಕ. ಮೊದಲೇ ಪುಸ್ತಕದಲ್ಲಿ ಬರೆದಿದ್ದರೆ, ಇಲ್ಲಾ ದಾಳಿ ವೇಳೆಯ ಹೇಳಿಕೆಯಲ್ಲೇ ಒಪ್ಪಿಕೊಂಡು ತೆರಿಗೆ ಕಟ್ಟಿದರೆ ಬಚಾವ್.

2007: ಒಪ್ಪಿಕೊಂಡು, ಹೇಗೆ ಬಂತು ಅಂತ ತೋರಿಸಿ, ತೆರಿಗೆ ಕಟ್ಟಿದರೆ ದಂಡ ಸೊನ್ನೆ. ಇಲ್ಲದಿದ್ದರೆ 10%.
2012: ಒಪ್ಪಿಕೊಂಡರೂ 10%. ಇಲ್ಲದಿದ್ದರೆ 20%, ಅಥವಾ 30ರಿಂದ 90%.
2016: ಒಪ್ಪಿಕೊಂಡರೆ 30%, ಇಲ್ಲದಿದ್ದರೆ 60%.

ಗಮನಿಸಿ, ಒಪ್ಪಿಕೊಂಡವರ ದಂಡ 0, 10, 30 ಅಂತ ಏರಿದೆ. ಸತ್ಯ ಹೇಳಿದವರಿಗೆ ಇದ್ದ ರಿಯಾಯಿತಿ ಕರಗ್ತಾ ಬಂದಿದೆ.

4/6
ಇದು ಬರೀ ದಂಡ, ತೆರಿಗೆ ಬೇರೆ. 2016ರ ತಿದ್ದುಪಡಿಯಲ್ಲಿ ಇಂಥ ಆದಾಯಕ್ಕೆ 60% ತೆರಿಗೆ, ಆ ತೆರಿಗೆ ಮೇಲೆ 25% ಸರ್‌ಚಾರ್ಜ್ ಬಂತು. 10 ಲಕ್ಷದ ಚಿನ್ನಕ್ಕೆ ಲೆಕ್ಕ ಹಾಕೋಣ. ತೆರಿಗೆ 6 ಲಕ್ಷ, ಸರ್‌ಚಾರ್ಜ್ 1.5 ಲಕ್ಷ, 4% ಸೆಸ್ 30 ಸಾವಿರ. ಒಟ್ಟು 7.8 ಲಕ್ಷ. ಒಪ್ಪಿಕೊಂಡವರಿಗೆ ದಂಡ 3 ಲಕ್ಷ ಸೇರಿ 10.8 ಲಕ್ಷ. ಒಪ್ಪದವರಿಗೆ 13.8 ಲಕ್ಷ. ಚಿನ್ನ ಪೂರ್ತಿ ಮಾರಿದರೂ ಸಾಲ ತೀರಲ್ಲ!

5/6
ಹಾಗಾದರೆ ಅಜ್ಜಿ ಗತಿ? ಮೂರು ವಿಷಯ ಸಿಕ್ತು.

ಒಂದು, ಸಿಬಿಡಿಟಿಯ 1994ರ ಸೂಚನೆ. ದಾಳಿಯಲ್ಲಿ ಮದುವೆಯಾದ ಹೆಣ್ಣಿಗೆ 500 ಗ್ರಾಂ, ಆಗದವಳಿಗೆ 250, ಗಂಡಸಿಗೆ 100 ಗ್ರಾಂವರೆಗಿನ ಒಡವೆ ವಶಕ್ಕೆ ತಗೊಳ್ಳಬೇಕಿಲ್ಲ. ಮನೆತನ, ಸಂಪ್ರದಾಯ ನೋಡಿ ಇನ್ನೂ ಹೆಚ್ಚು ಬಿಡಬಹುದು. ಎಷ್ಟೋ ಜನ ಇದನ್ನೇ "ಚಿನ್ನ ಇಟ್ಕೊಳ್ಳೋ ಮಿತಿ" ಅಂದುಕೊಂಡಿದ್ದಾರೆ. ತಪ್ಪು.

ಎರಡು, 2016ರ ಡಿಸೆಂಬರ್ 1ರಂದು ಸರ್ಕಾರವೇ ಸ್ಪಷ್ಟಪಡಿಸಿತು: ಪಿತ್ರಾರ್ಜಿತವೋ, ಲೆಕ್ಕ ಕೊಟ್ಟ ಹಣದ್ದೋ ಆದರೆ ಎಷ್ಟು ಒಡವೆ ಇದ್ದರೂ ತೊಂದರೆ ಇಲ್ಲ. ವಾಟ್ಸಾಪ್ ಸುದ್ದಿ ಮಾತ್ರ ನಮ್ಮನೆಗೆ ಮೊದಲು ಬಂದಿತ್ತು.

ಮೂರನೆಯದು ನನಗೆ ತುಂಬಾ ಇಷ್ಟ ಆಯ್ತು. 1967ರಲ್ಲಿ ಎರ್ನಾಕುಲಂನಲ್ಲಿ ಸುಮಾರು 20 ವರ್ಷದ ಹುಡುಗಿಯೊಬ್ಬಳು ಜಮೀನು ಕೊಂಡಳು. ಹಣ ಎಲ್ಲಿಂದ ಬಂತು ಅಂತ ಅವಳು ಹೇಳಿದ್ದು ಅಧಿಕಾರಿಗೆ ಒಪ್ಪಿಗೆ ಆಗಲಿಲ್ಲ. ಅದು ಸೆಕ್ಷನ್ 69, ನಮ್ಮ 69ಎಯ ಅಕ್ಕ. 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಾನೂನಿನಲ್ಲಿ ಇರೋದು "ಪರಿಗಣಿಸಬಹುದು", "ಪರಿಗಣಿಸಲೇಬೇಕು" ಅಲ್ಲ. ಆ ವಯಸ್ಸಿನ ಹುಡುಗಿ ಅಷ್ಟು ದುಡ್ಡು ಸಂಪಾದಿಸಿರೋಕೆ ಸಾಧ್ಯವೇ ಇಲ್ಲ ಅಂದಮೇಲೆ, ಅದು ಅವಳ ಆದಾಯ ಹೇಗಾಗುತ್ತೆ? ಮಸೂದೆಯಲ್ಲಿ ಮೊದಲು "ಲೇಬೇಕು" ಅಂತಲೇ ಇತ್ತಂತೆ. ಸಂಸತ್ತಿನ ಸೆಲೆಕ್ಟ್ ಕಮಿಟಿ ಅದನ್ನು "ಬಹುದು" ಮಾಡಿತು.

6/6
ಕಪ್ಪುಹಣ ಹಿಡಿಯೋಕೆ ಕಠಿಣ ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೇಕಡಾವಾರು ಏರಿದಷ್ಟೂ ಆ "ಬಹುದು" ಅನ್ನೋ ಒಂದು ಪದದ ಬೆಲೆ ಏರುತ್ತೆ. ಹಣ ಬಚ್ಚಿಟ್ಟವರಿಗೂ ಬಿಲ್ ಇಲ್ಲದ ಅಜ್ಜಿಗೂ ನಡುವೆ ನಿಂತಿರೋದು ಅದೇ.

ಅದನ್ನೇ ನಂಬಿ ಕೂರೋದು ಬೇಡ. ಕಳೆದ ವಾರ ಅಜ್ಜಿ ಹೇಳ್ತಾ ಹೋದ್ರು, ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ: ಯಾವ ಒಡವೆ, ಯಾರು ಕೊಟ್ಟಿದ್ದು, ಯಾವ ಶುಭಕಾರ್ಯಕ್ಕೆ. ಮದುವೆ ಫೋಟೊದಲ್ಲಿ ಕಾಸಿನ ಸರ ಸ್ಪಷ್ಟವಾಗಿ ಕಾಣ್ತಿದೆ. ನೀವೂ ಮನೇಲಿ ಕೂತು ಬರ್ಕೊಳ್ಳಿ, ಹೇಳೋರು ಇರುವಾಗಲೇ.

(ಕಾಮೆಂಟಲ್ಲಿ ಗ್ರಾಂ ಲೆಕ್ಕ ಮಾತ್ರ ಹಾಕಬೇಡ್ರಪ್ಪಾ!)

#ಕಾನೂನಿನಕಥೆ #ಬಿಕಾಂಕನ್ನಡ #ಅಜ್ಜಿಒಡವೆ