ಟಿವಿ ಹಾಡುಗಳ ಕಾಲ: 'ಮಿಲೇ ಸುರ್' ಮತ್ತು ಗಡಿಭಾಗ

ಎಂಬತ್ತರ ದಶಕದ ಕೊನೆಯಲ್ಲಿ ಸಿನಿಮಾ ಹಾಡು ನೋಡಲು ದೂರದರ್ಶನದ 'ಚಿತ್ರಹಾರ್' ಇತ್ತು. ಹಾಡುಗಳಿಗೆ ಒಂದು, ಎರಡು ಎಂದು ಸ್ಥಾನ ನೀಡಿ ಹೆಸರಾದದ್ದು ಅಮೀನ್ ಸಯಾನಿಯವರ ರೇಡಿಯೋ 'ಗೀತಮಾಲಾ'.

1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಪ್ರಸಾರವಾದ 'ಮಿಲೇ ಸುರ್ ಮೇರಾ ತುಮ್ಹಾರಾ' ಸಿನಿಮಾ ಹಾಡಲ್ಲದಿದ್ದರೂ ಮನೆಮಾತಾಯಿತು. ಹಾಡು ಆರಂಭಿಸಿದವರು ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಪಂ. ಭೀಮಸೇನ ಜೋಶಿ. ಸಂಗೀತದಲ್ಲಿ ಮರಾಠಿಯ ಅಶೋಕ್ ಪತ್ಕಿ ಅವರ ಪಾಲಿದೆ. ಅದರ 14 ಭಾಷೆಗಳಲ್ಲಿ ಕನ್ನಡ, ಮರಾಠಿ ಎರಡೂ ಇವೆ.

ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಈಗ ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾ ಧಾರಾಶಿವ ಜಿಲ್ಲೆಗೆ ಸೇರಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಇಲ್ಲಿಯ ಕುಟುಂಬಗಳ ಎರಡೂ ನುಡಿ ಒಂದೇ ಹಾಡಿನಲ್ಲಿ ಬಂದವು. ಯಾವುದಕ್ಕೆ ಮೊದಲ ಸ್ಥಾನ ಎಂಬ ಪ್ರಶ್ನೆ ಅಲ್ಲಿರಲಿಲ್ಲ.