ಹೊಳೆ ಬರುವ ಮೊದಲು ಮನೆ ಬಿಡುವುದು

ಕಪಿಲೆ ಎಷ್ಟು ಏರಿದ್ದಾಳೆ ಎಂದು ತಿಳಿಯಲು ನಂಜನಗೂಡಿನವರು ಕ್ಯೂಸೆಕ್ಸ್ ಲೆಕ್ಕ ಕೇಳುವುದಿಲ್ಲ, ಹದಿನಾರು ಕಾಲು ಮಂಟಪ ನೋಡುತ್ತಾರೆ. ಸ್ನಾನಘಟ್ಟದ ಮೆಟ್ಟಿಲು ಮುಳುಗಿದರೆ ಅದು ಮಾಮೂಲು ಆಷಾಢ. ಮಂಟಪದ ಕಂಬಗಳ ಬುಡಕ್ಕೆ ನೀರು ಬಂದರೆ ಜನ ಸೇತುವೆಯ ಮೇಲೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಕಂಬಗಳು ಅರ್ಧ ಮುಳುಗಿದವೆಂದರೆ ತೋಪಿನ ಬೀದಿ, ಹಳ್ಳದಕೇರಿಯ ಮನೆಗಳಲ್ಲಿ ಅಕ್ಕಿಮೂಟೆ ಅಟ್ಟಕ್ಕೆ ಏರುತ್ತದೆ. ಮಂಟಪವೇ ಕಾಣದಾದಾಗ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೂ ಕಾಣದಂತಾಗುವ ಸಾಧ್ಯತೆ ಹೆಚ್ಚು. ಕಲ್ಲಿನಲ್ಲಿ ಕಟ್ಟಿದ ಅಳತೆಗೋಲು ಅದು. ಕಟ್ಟಿದವರು ಮುಳುಗಲಿ ಎಂದೇ ಅಲ್ಲಿ ಕಟ್ಟಿದರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ದೇವಸ್ಥಾನವನ್ನು ಮಾತ್ರ ಅವರು ದಂಡೆಯಿಂದ ಹಿಂದೆ, ಎತ್ತರದಲ್ಲಿ ಇಟ್ಟರು.

ನಮ್ಮೂರು ತಗಡೂರಿಗೆ ಹೊಳೆ ಕಾಣುವುದಿಲ್ಲ. ತಗಡೂರು ರಾಮಚಂದ್ರರಾಯರಿಂದ, ಖಾದಿಯಿಂದ ಹೆಸರಾದ ಊರು ಅದು, ಪ್ರವಾಹದಿಂದಲ್ಲ. ಆದರೆ ಹೊಳೆದಂಡೆಯ ಊರುಗಳಿಗೂ ನಮಗೂ ಹೆಣ್ಣು ಕೊಟ್ಟು ತರುವ ನೆಂಟಸ್ತಿಕೆ ಇದೆ. ಹಾಗಾಗಿ ಕಪಿಲೆ ತುಂಬಿದ ವರ್ಷ ಮೇಲಿನ ಊರುಗಳ ಕೊಟ್ಟಿಗೆಗಳಲ್ಲಿ ಎರಡು ದನ ಜಾಸ್ತಿ ಇರುತ್ತವೆ. ಮೊದಲು ದನ ಬರುತ್ತವೆ, ಆಮೇಲೆ ಮಕ್ಕಳು, ಆಮೇಲೆ ಹೆಂಗಸರು. ಮನೆಯ ಯಜಮಾನ ಕೊನೆಗೆ ಬರುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಬಾ ಎಂದು ಫೋನು ಮಾಡಿದರೆ ಉತ್ತರ ಒಂದೇ: "ಹೊಳ ಬತ್ತದ, ಹೋಯ್ತದ. ನಾವೆಲ್ಲಿಗ ಹೋಗದು?"

ಈ ಮಾತನ್ನು ಹಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ದೊಡ್ಡ ಚರಿತ್ರೆಯೊಂದಿದೆ.

ಮೊದಲನೆಯದಾಗಿ, ಇಲ್ಲಿ ಮನೆ ಬಿಡಬೇಕಾಗಿ ಬರುವುದು ಮಳೆಯೇ ಇಲ್ಲದ ದಿನ. ನಂಜನಗೂಡು, ತಿ. ನರಸೀಪುರ ಎರಡೂ ಮಳೆನೆರಳಿನ ಸೀಮೆ. ಆಷಾಢದಲ್ಲಿ ಇಲ್ಲಿ ಬೀಸುವುದು ಗಾಳಿ, ಹಾರುವುದು ಧೂಳು. ಹೊಳೆ ತುಂಬುವುದು ವಯನಾಡಿನ ಮಳೆಯಿಂದ. ಪನಮರಂ, ಮಾನಂದವಾಡಿ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಅದು ಎಚ್.ಡಿ. ಕೋಟೆಯ ಬೀಚನಹಳ್ಳಿಯ ಜಲಾಶಯ ದಾಟಿ, ನುಗು ಮತ್ತು ಗುಂಡ್ಲು ಹೊಳೆಗಳನ್ನು ಸೇರಿಸಿಕೊಂಡು, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ತಲೆಯ ಮೇಲೆ ಬಿಸಿಲಿರುವಾಗ, ಕಾಣದ ಬೆಟ್ಟದ ಮೇಲೆ ನಿನ್ನೆ ಬಿದ್ದ ಮಳೆಯನ್ನು ನಂಬಿ ಒಲೆ ಆರಿಸಿ ಹೊರಡಬೇಕು. ಸಮುದ್ರದ ಕಡೆಯವರಿಗೆ ಚಂಡಮಾರುತ ಬರುವಾಗ ಆಕಾಶವಾದರೂ ಕಪ್ಪಾಗುತ್ತದೆ. ನಮ್ಮವರಿಗೆ ಆ ಸಾಕ್ಷಿಯೂ ಇಲ್ಲ.

ಎರಡನೆಯದು ಅಣೆಕಟ್ಟಿನ ಲೆಕ್ಕ. ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ ಅಡಿ. ಕೃಷ್ಣರಾಜಸಾಗರದ್ದು 49.45. ಕಬಿನಿ ಚಿಕ್ಕ ಪಾತ್ರೆ, ಬಾಯಿಗೆ ಬೀಳುವ ನೀರು ಮಾತ್ರ ದೊಡ್ಡದು. ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು ಬರುತ್ತಿದ್ದರೆ ದಿನಕ್ಕೆ 8.64 ಟಿಎಂಸಿ. ಪೂರ್ತಿ ಖಾಲಿ ಇದ್ದರೂ ಎರಡೂಕಾಲು ದಿನದಲ್ಲಿ ಅದು ತುಂಬಿಬಿಡುತ್ತದೆ. ಆಗಸ್ಟಿನಲ್ಲಿ ಅದು ಖಾಲಿ ಇರುವುದೂ ಇಲ್ಲ, ರಾಜ್ಯದಲ್ಲಿ ಮೊದಲು ತುಂಬುವ ಜಲಾಶಯಗಳಲ್ಲಿ ಅದೂ ಒಂದು. ತುಂಬಿದ ಮೇಲೆ ಬಂದಷ್ಟನ್ನು ಬಿಡಲೇಬೇಕು. ನಮ್ಮ ಕಡೆ 'ಡ್ಯಾಮಿನವರು ನೀರು ಬಿಟ್ಟರು' ಎಂದು ಬಯ್ಯುವ ರೂಢಿ ಇದೆ. ಬಿಟ್ಟವರಿಗೆ ಬಿಡದೆ ಇರುವ ದಾರಿ ಇರಲಿಲ್ಲ ಎಂಬುದು ಆ ಬೈಗುಳದಲ್ಲಿ ಕಳೆದುಹೋಗುತ್ತದೆ. ಎಷ್ಟು ಹೊತ್ತು ಮೊದಲು ಹೇಳಿದರು, ಯಾರ ಬಾಯಲ್ಲಿ ಹೇಳಿಸಿದರು ಎಂದು ಕೇಳುವುದು ಹೆಚ್ಚು ನ್ಯಾಯ.

1974ರಲ್ಲಿ ಅಣೆಕಟ್ಟು ಮುಗಿಯುವ ಮೊದಲು ಹೇಳುವವರು ಯಾರೂ ಇರಲಿಲ್ಲ, ಹೊಳೆಯೇ ಹೇಳಬೇಕಿತ್ತು. ನೀರಿನ ಬಣ್ಣ ತಿರುಗುತ್ತಿತ್ತು, ಕಾಡಿನ ಬಿದಿರು, ಮರದ ಬೊಡ್ಡೆ ತೇಲಿ ಬರುತ್ತಿದ್ದವು. ನೀರು ಏರುವ ವೇಗವನ್ನು ಮೆಟ್ಟಿಲು ಎಣಿಸಿ ಅಂದಾಜು ಮಾಡಬಹುದಿತ್ತು. ಅಂಥ ಅಂದಾಜುಗಳೆಲ್ಲ ಸೋತ ವರ್ಷ 1924. ಆ ಜುಲೈನಲ್ಲಿ ಪಶ್ಚಿಮಘಟ್ಟದ ಎರಡು ಮಗ್ಗುಲಲ್ಲೂ ಸುರಿದ ಮಳೆಯನ್ನು ಕೇರಳದವರು ಇಂದಿಗೂ '99ರ ಪ್ರವಾಹ' ಎನ್ನುತ್ತಾರೆ, ಅವರ ಕೊಲ್ಲಂ ಶಕೆಯ 1099ನೆಯ ವರ್ಷ ಅದು. ಮುನ್ನಾರಿನ ಪುಟ್ಟ ರೈಲುಮಾರ್ಗ ಆಗ ಕೊಚ್ಚಿಹೋದದ್ದು ಮತ್ತೆ ಬರಲೇ ಇಲ್ಲ. ಇತ್ತ ಕಾವೇರಿಯಲ್ಲೂ ಅದು ದಾಖಲೆಯ ಮಹಾಪೂರ. ಕಾವೇರಿ ನೀರು ಹಂಚಿಕೊಳ್ಳುವ ಒಪ್ಪಂದಕ್ಕೆ ಮೈಸೂರು ಮತ್ತು ಮದ್ರಾಸು ಸಹಿ ಹಾಕಿದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಕಾಗದದ ಮೇಲೆ ಅಳೆದು ಹಂಚಿದ ಐದೇ ತಿಂಗಳಿಗೆ ಹೊಳೆ ಅಳತೆಯನ್ನೇ ಮೀರಿ ಹರಿಯಿತು. ಕನ್ನಂಬಾಡಿ ಕಟ್ಟೆ ಆಗ ಇನ್ನೂ ಕಟ್ಟುವ ಹಂತದಲ್ಲಿತ್ತು. ಕಬಿನಿಗಂತೂ ತಡೆಯೇ ಇರಲಿಲ್ಲ.

ಆದರೆ ನಮ್ಮ ಸೀಮೆಯಲ್ಲಿ ಮನೆ ಬಿಡುವ ಪಾಠವನ್ನು ನೀರಿಗಿಂತ ಮೊದಲು, ಹೆಚ್ಚು ನಿಧಾನವಾಗಿ ಕಲಿಸಿದ್ದು ಮರಳು. ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿ. ಚೋಳರ ಕೈಗೆ ಹೋಗಿ, 12ನೆಯ ಶತಮಾನದ ಮೊದಲಲ್ಲಿ ಹೊಯ್ಸಳ ವಿಷ್ಣುವರ್ಧನನ ಕೈಗೆ ಬಂತು. ಆ ಗೆಲುವಿಗಾಗಿ ಅವನು ಕಟ್ಟಿಸಿದ ಕೀರ್ತಿನಾರಾಯಣ ದೇವಸ್ಥಾನವನ್ನು ನಮ್ಮ ಕಾಲದಲ್ಲಿ ಮರಳು ತೆಗೆದು ನೋಡಬೇಕಾಯಿತು. ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಮಾಧವಮಂತ್ರಿ ಕಟ್ಟೆಯಿಂದ ನದಿಯ ಹರಿವು ಬದಲಾಗಿ, ಬಯಲಾದ ಮರಳನ್ನು ಗಾಳಿ ಊರೊಳಗೆ ತಂದು ಸುರಿಯಿತು ಎಂದು ಕೆ. ಎನ್. ಗಣೇಶಯ್ಯ ಅವರಂಥವರು ವಾದಿಸಿದ್ದಾರೆ. ಶಾಪಕ್ಕಿಂತ ಈ ವಾದ ನನಗೆ ಒಪ್ಪಿಗೆ.

ಇಲ್ಲಿ ನಮಗೆ ಬೇಕಾದ್ದು ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರಿನ ಒಂದು ವಿವರ. ಮರಳಿನ ದಿಬ್ಬಗಳು ವರ್ಷಕ್ಕೆ 9-10 ಅಡಿಯಂತೆ, ಮುಖ್ಯವಾಗಿ ಮುಂಗಾರಿನ ಗಾಳಿಯಲ್ಲಿ, ಊರಿನ ಮೇಲೆ ಮುಂದುವರಿಯುತ್ತಿದ್ದವು. ಮೂರು ದಿಕ್ಕಿನಿಂದ ಒತ್ತುತ್ತಿದ್ದ ಮರಳಿಗೆ ಜನ ಮನೆ ಬಿಟ್ಟುಕೊಟ್ಟು ಒಳಗೊಳಗೆ ಸರಿಯುತ್ತಿದ್ದರು. ಹೀಗಿದ್ದೂ ಊರಿನ ಜನಸಂಖ್ಯೆ ಏರುತ್ತಿತ್ತಂತೆ! ಕಾರಣವನ್ನೂ ಗೆಜೆಟಿಯರೇ ಕೊಡುತ್ತದೆ. ಅದೇ ಮಾಧವಮಂತ್ರಿ ಕಾಲುವೆಯ ನೀರು, ಅದರ ಕೆಳಗಿನ ಗದ್ದೆ.

ಈ ಒಂದು ಸಾಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ವರ್ಷಕ್ಕೆ ಹತ್ತಡಿ ಎಂದರೆ ನಡುಮನೆಯೊಂದರ ಉದ್ದ. ಈ ಮುಂಗಾರಿಗೆ ಹಿತ್ತಲು, ಮುಂದಿನ ಮುಂಗಾರಿಗೆ ಅಡುಗೆಮನೆ, ಅದರ ಮುಂದಿನ ವರ್ಷ ದೇವರಕೋಣೆ. ಯಾವ ವರ್ಷ ಬಿಡಬೇಕು? ಮರಳು ಗುಡಿಸಿ ಗುಡಿಸಿ ಸುಸ್ತಾದ ವರ್ಷವೇ? ತೊಲೆ ಬಾಗಿದ ವರ್ಷವೇ? ಬಿಟ್ಟವರು ಎಷ್ಟು ದೂರ ಹೋದರು ಎಂದು ನೋಡಿದರೆ ಅವರ ಬುದ್ಧಿ ಅರ್ಥವಾಗುತ್ತದೆ. ಮರಳಿನಿಂದ ತಪ್ಪಿಸಿಕೊಳ್ಳುವಷ್ಟು ದೂರ ಹೋದರು, ಗದ್ದೆ ಕೈತಪ್ಪುವಷ್ಟು ದೂರ ಹೋಗಲಿಲ್ಲ. ಬಾಗಿಲು, ತೊಲೆ ಕಿತ್ತುಕೊಂಡು ಹೋಗುವಷ್ಟು ಸಮಯ ಮರಳು ಕೊಟ್ಟಿರಬೇಕು. ನೀರು ಅಷ್ಟು ದಯೆ ತೋರಿಸುವುದಿಲ್ಲ.

ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲದೆ ಮನೆ ಬಿಟ್ಟವರೂ ಇದೇ ಹೊಳೆಯ ದಂಡೆಯಲ್ಲಿದ್ದಾರೆ. ಬೀಚನಹಳ್ಳಿಯ ಅಣೆಕಟ್ಟಿನ ಹಿನ್ನೀರಿಗೆ ಹಳ್ಳಿಗಳು ಹೋದವು, ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಜಾಗವೂ ಹೋಯಿತು. ಮೇಲಿನವರು ಶಾಶ್ವತವಾಗಿ ಮನೆ ಬಿಟ್ಟದ್ದರಿಂದಲೇ ಕೆಳಗಿನವರಿಗೆ ಕಾಲುವೆ ಬಂತು. ನೆರೆಯ ದಿನ ನಾವು ಅವರನ್ನು ನೆನೆಯುವುದಿಲ್ಲ.

2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಕಪಿಲೆಯೂ ಉಕ್ಕಿದಳು, ಮಲ್ಲನಮೂಲೆಯ ಬಳಿ ರಸ್ತೆ ಮುಚ್ಚಿತು. ಅದೇ ಮಳೆಯಲ್ಲಿ ವಯನಾಡಿನ ಬಾಣಾಸುರ ಸಾಗರದ ಗೇಟುಗಳನ್ನು ಸರಿಯಾಗಿ ತಿಳಿಸದೆ ತೆರೆದರೆಂಬ ದೂರು ಅಲ್ಲಿನ ಕೆಳದಂಡೆಯವರಿಂದ ಎದ್ದಿತ್ತು. ಮರುವರ್ಷ, 2019ರ ಆಗಸ್ಟ್ ಎರಡನೆಯ ವಾರ, ಕಬಿನಿಯ ಹೊರಹರಿವು ಒಂದು ಲಕ್ಷ ಕ್ಯೂಸೆಕ್ಸ್ ದಾಟಿತು. ಸುತ್ತೂರಿನ ಸೇತುವೆ ಮುಳುಗಿತು. ನಂಜನಗೂಡಿನ ಕೆಳಗಿನ ಬೀದಿಗಳ ಜನ ಛತ್ರ, ಶಾಲೆಗಳಿಗೆ ಹೋದರು. ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದುದಕ್ಕೆ ಈಗ ಕಾಳಜಿ ಕೇಂದ್ರ ಎಂಬ ಹೆಸರು ಬಂದಿದೆ. 1735ರಲ್ಲಿ ಕಟ್ಟಿದ್ದೆನ್ನುವ ಹಳೆಯ ಕಲ್ಲುಸೇತುವೆ ಮಾತ್ರ ತನ್ನ ಕಮಾನುಗಳೊಂದಿಗೆ ಹಾಗೇ ನಿಂತಿತ್ತು.

ಆ ಎರಡು ವರ್ಷಗಳಲ್ಲಿ ಒಂದು ವಿಚಿತ್ರ ನಡೆಯಿತು. 2018ರಲ್ಲಿ ಹೊಸ್ತಿಲಿಗೆ ಬಂದು ನಿಂತ ನೀರು, 2019ರಲ್ಲಿ ಬಿಡಬೇಕಿದ್ದವರನ್ನು ಮನೆಯಲ್ಲೇ ಉಳಿಸಿತು. ಹೋದ ಸಲ ಇಷ್ಟೇ ಬಂದಿತ್ತು, ಈ ಸಲವೂ ಇಷ್ಟೇ ಎಂಬ ಧೈರ್ಯ. ಅನುಭವಕ್ಕೆ ಮಾತು ಕೊಟ್ಟವರು ಕೊನೆಗೆ ಸೊಂಟದ ನೀರಿನಲ್ಲಿ ಹಗ್ಗ ಹಿಡಿದು ಬರಬೇಕಾಯಿತು. ಉಳಿದವರನ್ನೂ ಕೇಳಿ ನೋಡಿ. ಒಬ್ಬರಿಗೆ ಈದಿರುವ ಎಮ್ಮೆ, ಕೇಂದ್ರದಲ್ಲಿ ಅದಕ್ಕೆ ಜಾಗವಿಲ್ಲ. ಇನ್ನೊಬ್ಬರ ಮನೆಯಲ್ಲಿ ಹಣ್ಣಾಗಿ ಗೂಡಿಗೆ ಏರಬೇಕಾದ ರೇಷ್ಮೆಹುಳು, ಎರಡು ದಿನ ಬಿಟ್ಟರೆ ಆರು ತಿಂಗಳ ಸಾಲ. ಮತ್ತೊಬ್ಬರಿಗೆ ಪಟ್ಟೆ ಇಲ್ಲದ ಮನೆ, ಬಿಟ್ಟರೆ ಮತ್ತೆ ಕಟ್ಟಲು ಬಿಡುತ್ತಾರೋ ಇಲ್ಲವೋ. ಮೈನೆರೆದ ಮಗಳನ್ನು ಕರೆದುಕೊಂಡು ನೂರು ಜನರ ನಡುವೆ ಹಾಲ್‌ನಲ್ಲಿ ಮಲಗುವುದು ಹೇಗೆ ಎಂಬ ತಾಯಿ. ಯಾರ ಪಕ್ಕ ಯಾರು ಉಣ್ಣಬೇಕು ಎಂಬುದನ್ನು ಬಾಯಿ ಬಿಟ್ಟು ಹೇಳದೆಯೇ ಲೆಕ್ಕ ಹಾಕುವವರು. ಇವರಲ್ಲಿ ಯಾರೂ ದಡ್ಡರಲ್ಲ.

ದನದ ಮಾತು ಬಂದಾಗ ಅಧಿಕಾರಿಗಳು ನಗುವುದನ್ನು ನೋಡಿದ್ದೇನೆ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ಹಿಂದಿನ ದಿನ ನ್ಯೂ ಆರ್ಲಿಯನ್ಸ್ ನಗರ ಬಿಡಲು ಕಡ್ಡಾಯ ಆದೇಶವಾಯಿತು. ಕಾರಿಲ್ಲದ ಬಡವರು ಉಳಿದರು, ನಾಯಿ ಬೆಕ್ಕು ಬಿಡಲಾರದವರೂ ಉಳಿದರು. ಮರುವರ್ಷವೇ ಅಲ್ಲಿ ಸಾಕುಪ್ರಾಣಿಗಳನ್ನೂ ಸ್ಥಳಾಂತರದ ಯೋಜನೆಯಲ್ಲಿ ಸೇರಿಸಬೇಕೆಂಬ ಕಾನೂನು ಬಂತು. ಮನೆಯವರ ಪ್ರೀತಿಯ ನಾಯಿಗೆ ಕಾನೂನು ಬರುವುದಾದರೆ ಮನೆ ನಡೆಸುವ ಎಮ್ಮೆಗೆ ಒಂದು ಶೆಡ್ಡು ಹೆಚ್ಚಲ್ಲ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್‌ಗೆ ಮೊದಲು ಹತ್ತು ಲಕ್ಷದಷ್ಟು ಜನರನ್ನು ಸಾಗಿಸಲಾಯಿತು, ಸತ್ತವರು ನೂರಕ್ಕೂ ಕಡಿಮೆ. ಆ ಹದಿನಾಲ್ಕು ವರ್ಷಗಳಲ್ಲಿ ಜನರ ಸ್ವಭಾವ ಬದಲಾಗಲಿಲ್ಲ. ಹೋಗಲು ಗಟ್ಟಿ ಕಟ್ಟಡಗಳು ಬಂದವು, ಹೋಗಿ ಎನ್ನಲು ಗುರುತಿನ ಮುಖಗಳು ಬಂದವು. ಇಲ್ಲೂ ಅಷ್ಟೇ. ತಹಶೀಲ್ದಾರರ ಜೀಪಿನ ಮೈಕಿಗೆ ಏಳದವರು ಪಕ್ಕದ ಮನೆಯ ಅಕ್ಕ ಗಂಟು ಕಟ್ಟಿದಳೆಂದರೆ ಏಳುತ್ತಾರೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಬೆಟ್ಟ ಕುಸಿದಾಗ ಕಪಿಲೆಯೂ ತುಂಬಿ ಹರಿಯುತ್ತಿದ್ದಳು. ಆ ಕಣಿವೆಯ ನೀರು ಪಶ್ಚಿಮಕ್ಕೆ, ಚಾಲಿಯಾರ್ ನದಿಗೆ ಇಳಿಯುತ್ತದೆ, ನಮ್ಮ ಕಡೆಗಲ್ಲ. ಆದರೆ ಮಳೆ ಒಂದೇ. ಸತ್ತವರಲ್ಲಿ ಕರ್ನಾಟಕ ಮೂಲದವರೂ ಇದ್ದರು. ಹಿಂದಿನ ದಿನದ ಮಳೆ ನೋಡಿ ಹೆದರಿ ನೆಂಟರ ಮನೆಗೆ ಹೋದ ಕೆಲವರು ಬದುಕಿದರು.

ಹಾಗಾದರೆ ಕೆಳಗಿನ ಕೇರಿಗಳನ್ನೇ ಒಮ್ಮೆಗೆ ಎತ್ತಿ ಮೇಲೆ ಇಟ್ಟರಾಗದೇ? ಈ ಸಲಹೆ ಪ್ರತಿ ನೆರೆಯಲ್ಲೂ ತೇಲಿ ಬರುತ್ತದೆ, ನೀರಿನೊಂದಿಗೇ ಇಳಿಯುತ್ತದೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಹೆಸರಿನಲ್ಲಿ ಹೊಸ ಊರುಗಳೇ ಎದ್ದವು. ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಎಷ್ಟೋ ಮನೆಗಳಿಗೆ ಯಾರೂ ಹೋಗಲಿಲ್ಲ. ತಲಕಾಡಿನವರು ಯಾವ ಯೋಜನೆಯೂ ಇಲ್ಲದೆ ಕಂಡುಕೊಂಡಿದ್ದ ದೂರದ ಲೆಕ್ಕ ಅಲ್ಲಿ ತಪ್ಪಿತ್ತು. ನಮ್ಮ ಹೊಳೆದಂಡೆಯವರು ಅಲ್ಲಿರುವುದೂ ಆ ಮಣ್ಣಿಗಾಗಿ. ನೆರೆ ತಂದು ಹಾಕುವ ಮೆಕ್ಕಲಿನಲ್ಲಿ ಭತ್ತ, ಕಬ್ಬು, ಬಾಳೆ ಬೆಳೆಯುತ್ತವೆ. ರಸಬಾಳೆಗೆ ನಂಜನಗೂಡಿನ ಹೆಸರು ಅಂಟಿಕೊಂಡದ್ದು ಸುಮ್ಮನೆ ಅಲ್ಲ.

ಕಳೆದ ನೆರೆಯಲ್ಲಿ ನಮ್ಮ ಮನೆಗೆ ಎರಡು ಹಸು ಹೊಡೆದುಕೊಂಡು ಬಂದ ಅತ್ತೆಗೆ, ಎತ್ತರದ ಕಡೆ ನಿವೇಶನ ಕೊಟ್ಟರೆ ಹೋಗುತ್ತೀರಾ ಎಂದು ಕೇಳಿದೆ. ಆಕೆ ಕರುವಿನ ಹಗ್ಗ ಬಿಗಿಯುತ್ತ, ತಲೆ ಎತ್ತದೆ ಕೇಳಿದಳು: "ಅಲ್ಲಿಂದ ಗದ್ದಗ ಎಷ್ಟೊತ್ತು ನಡೀಬೇಕಪ್ಪ?"