ಅಂತರಗಂಗೆ ಸೀಸ ಹೀರುತ್ತದೆ. ಕಿತ್ತ ಕಳೆ ದನಕ್ಕೆ ಹಾಕಬೇಡಿ

ಗದಗ: ಕೆರೆಯಲ್ಲಿ ಅಂತರಗಂಗೆ ಬೆಳೆಸಿದರೆ ನೀರು ತಾನಾಗಿಯೇ ಸ್ವಚ್ಛ ಆಗ್ತದೆ ಅನ್ನೋ ಮಾತು ಅರ್ಧ ಮಾತ್ರ ನಿಜ.

ಜನ ಅಂತರಗಂಗೆ ಅನ್ನುವ ಗಿಡಗಳು ಎರಡು. ಒಂದು ಸಣ್ಣ ಕೋಸಿನಂತೆ ಕಾಣುವ ಪಿಸ್ತಿಯಾ, ಇನ್ನೊಂದು ನೇರಳೆ ಹೂ ಬಿಡುವ ವಾಟರ್ ಹಯಸಿಂತ್. ಎರಡೂ ನೀರಿನಲ್ಲಿ ಕರಗಿದ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರದಂಥ ಭಾರ ಲೋಹಗಳನ್ನು ಹೀರುತ್ತವೆ. ದಂಡೆಯಲ್ಲಿ ಬೆಳೆಯುವ ಜೊಂಡಿಗೂ ಈ ಗುಣ ಉಂಟು. ಹೀರಿದ್ದರಲ್ಲಿ ಹೆಚ್ಚಿನ ಪಾಲು ಬೇರಿನಲ್ಲೇ ಉಳಿಯುತ್ತದೆ.

ಆದರೆ ಗಿಡ ಲೋಹವನ್ನು ಜೀರ್ಣಿಸಿಕೊಳ್ಳೋದಿಲ್ಲ. ಚರಂಡಿ ಹೊಲಸನ್ನು ಸೂಕ್ಷ್ಮಜೀವಿಗಳು ಒಡೆದು ಹಾಕಬಲ್ಲವು, ಸೀಸವನ್ನು ಒಡೆಯೋದು ಯಾವ ಜೀವಿಗೂ ಸಾಧ್ಯವಿಲ್ಲ. ಅದು ನೀರಿನಿಂದ ಬೇರಿಗೆ ಜಾಗ ಬದಲಿಸುತ್ತದೆ, ಅಷ್ಟೇ. ಗಿಡ ಅಲ್ಲೇ ಕೊಳೆತರೆ ಲೋಹ ಮತ್ತೆ ಕೆರೆಯ ಕೆಸರಿಗೆ ಸೇರುತ್ತದೆ. ಹಾಗಾಗಿ ಈ ವಿಧಾನದಲ್ಲಿ ನೆಡೋದಕ್ಕಿಂತ ಕೀಳೋದೇ ದೊಡ್ಡ ಕೆಲಸ. ವಾಟರ್ ಹಯಸಿಂತ್ ಅನುಕೂಲ ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿ ಆಗ್ತದೆ. ಕೀಳುವ ಆಳು, ಖರ್ಚು ಮೊದಲೇ ಗೊತ್ತು ಮಾಡಿಕೊಳ್ಳದೆ ಕೆರೆಗೆ ಬಿಟ್ಟರೆ ಬೆಳಕು, ಗಾಳಿ ಕಟ್ಟಿ ಮೀನು ಸಾಯುತ್ತವೆ, ಸೊಳ್ಳೆ ಹೆಚ್ಚುತ್ತವೆ.

ಕಿತ್ತಿದ್ದು ಎಲ್ಲಿ ಹೋಗಬೇಕು ಅನ್ನೋದು ಮುಂದಿನ ಪ್ರಶ್ನೆ. ಹಸಿ ಗಿಡದಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಇರೋದರಿಂದ ಒಣಗಿಸಿದರೆ ರಾಶಿ ಬಹಳ ಕುಗ್ಗುತ್ತದೆ. ಲೋಹ ಹೊಕ್ಕ ಕಳೆಯನ್ನು ದನಕ್ಕೆ ಹಾಕುವಂತಿಲ್ಲ, ಗೊಬ್ಬರ ಮಾಡಿ ಹೊಲಕ್ಕೆ ಚೆಲ್ಲುವಂತಿಲ್ಲ, ಬಯಲಲ್ಲಿ ಸುಡುವಂತಿಲ್ಲ. ಇದರ ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬೇಕು.

ಎಚ್ಚರ ಯಾಕೆ ಅಂದರೆ ಬೆಂಗಳೂರಿನ ಬೆಳ್ಳಂದೂರು ಕೆರೆಯ ಉದಾಹರಣೆ ಇದೆ. ಅಲ್ಲಿನ ನೀರು ಹಾಯಿಸಿದ ಹೊಲಗಳ ಮಣ್ಣು, ಬೆಳೆಗಳಲ್ಲಿ 7 ಲೋಹಗಳನ್ನು ಪರೀಕ್ಷಿಸಿದ ಅಧ್ಯಯನ 2006ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಕ್ಕಿ, ತರಕಾರಿಯಲ್ಲಿ ಕೆಲವು ಲೋಹಗಳು ಮಿತಿ ಮೀರಿದ್ದವು. ಅದೇ ಊರಿನ ಜಕ್ಕೂರು ಕೆರೆಯಲ್ಲಿ ಬೇರೆ ಕ್ರಮ. ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕದಲ್ಲಿ, ಆಮೇಲೆ ಜೊಂಡಿನ ಜೌಗಿನಲ್ಲಿ ಹಾದು ಕೆರೆಗೆ ಬೀಳುತ್ತದೆ. ನೈಟ್ರೇಟ್, ಫಾಸ್ಫೇಟ್ ತಗ್ಗಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತೋರಿಸಿದೆ. ಸೊರಟೂರ, ಶಿರಹಟ್ಟಿ ಕಡೆಯ ಊರುಗಳಿಗೂ ಕೆರೆ ತುಂಬ ಕಳೆ ಬಿಡೋದಕ್ಕಿಂತ ಚರಂಡಿ ಬಂದು ಸೇರುವ ಕಡೆ ಸಣ್ಣ ಗುಂಡಿ ತೆಗೆದು ಜೊಂಡು ಬೆಳೆಸೋದೇ ಮೇಲು. ಅದನ್ನು ಕೊಯ್ಯೋದೂ ಸುಲಭ.

ನಮ್ಮ ಜಿಲ್ಲೆಯ ಹಳೆ ತಲೆನೋವು ಫ್ಲೋರೈಡ್. ಮುಂಡರಗಿ ಭಾಗದ ಬೋರ್‌ವೆಲ್ ನೀರಿನ ಈ ಸಮಸ್ಯೆ ಎಲ್ಲರಿಗೂ ಗೊತ್ತು. ಫ್ಲೋರೈಡ್ ಭಾರ ಲೋಹ ಅಲ್ಲ, ಅದಕ್ಕೆ ಅಂತರಗಂಗೆಯನ್ನು ನಂಬಿ ಕೂರುವಂತಿಲ್ಲ. ಕುದಿಸಿದರೂ ಹೋಗೋದಿಲ್ಲ, ನೀರು ಆವಿಯಾದಷ್ಟೂ ಗಟ್ಟಿ ಆಗ್ತದೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ನಾಣ್ಯ ಹಾಕಿ ಕ್ಯಾನ್ ತುಂಬುವ ಆರ್‌ಒ ಘಟಕ ಅದನ್ನು ತಗ್ಗಿಸುತ್ತದೆ, ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಮಾತ್ರ.

ಸೀಸಕ್ಕೆ ಮಿತಿ ಇನ್ನೂ ಬಿಗಿ, ಲೀಟರ್‌ಗೆ 0.01 ಮಿಲಿಗ್ರಾಂ. ಹಳೆ ಬ್ಯಾಟರಿ ಒಡೆದು ಆಸಿಡ್ ಗಟಾರಕ್ಕೆ ಚೆಲ್ಲೋದು, ರಾಸಾಯನಿಕ ಬಣ್ಣದ ಗಣಪತಿಯನ್ನು ಕೆರೆಗೆ ಬಿಡೋದು, ಇವೆಲ್ಲ ಲೋಹ ನೀರು ಸೇರುವ ದಾರಿಗಳು. ಅಂಗಡಿಯವರು ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಒಡೆಯದೆ ವಾಪಸ್ ಕೊಟ್ಟರೆ ಸಾಕು. ಕೆರೆ ನೀರು ಪರೀಕ್ಷೆಗೆ ಕೊಡುವವರು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಅಂತ ಹೆಸರು ಹೇಳಿಯೇ ಬರೆಸಬೇಕು. ಊರಲ್ಲಿ ಬಳಸುವ ಸಾಮಾನ್ಯ ಕಿಟ್ಟಿನಲ್ಲಿ ಇವು ಗೊತ್ತಾಗೋದಿಲ್ಲ.